ಕ್ರೋಮ್ ಅಪ್‌ಡೇಟ್ ಆದ ಮೇಲೆ ಸೆಕ್ಯುರಿಟಿ ಎಕ್ಸ್‌ಟೆನ್ಶನ್ ಆಫ್: ರಿಮೂವ್ ಒತ್ತುವ ಮುಂಚೆ ಓದಿ

ಪ್ರಶ್ನೆ: ನಮಸ್ಕಾರ ಸರ್. ನಮ್ಮದು ಆಡಿಟರ್ ಆಫೀಸ್, ಎಲ್ಲ ಸಿಸ್ಟಂನಲ್ಲೂ ಕ್ರೋಮ್. ಅಪ್‌ಡೇಟ್ ಆದ ಮೇಲೆ, ಜಾಹೀರಾತು ತಡೆಯುವ ಯೂಬ್ಲಾಕ್ ಒರಿಜಿನ್ ಎಕ್ಸ್‌ಟೆನ್ಶನ್ ಆಫ್ ಆಗಿದೆ. ‘ಇನ್ನು ಸಪೋರ್ಟ್ ಇಲ್ಲ’ ಅಂತ ಬರುತ್ತಿದೆ, ಆನ್ ಮಾಡೋಕೆ ಬಿಡ್ತಿಲ್ಲ. ಯಾವುದೋ ವಿಡಿಯೊ ನೋಡಿ ವಿಂಡೋಸ್‌ನ ರಿಜಿಸ್ಟ್ರಿಯಲ್ಲಿ (ಸೆಟ್ಟಿಂಗ್‌ಗಳ ಕಡತ) ಎಂಟ್ರಿ ಹಾಕಿದೆವು, ಆಗಲಿಲ್ಲ. ಹಳೆಯ ಕ್ರೋಮ್ ಹಾಕಿ ಅಪ್‌ಡೇಟ್ ನಿಲ್ಲಿಸಿಬಿಡಲಾ?

ಉತ್ತರ: ಅದೊಂದನ್ನು ಮಾಡಬೇಡಿ ಸರ್. ಕಕ್ಷಿದಾರರ ಬ್ಯಾಂಕ್ ಲಾಗಿನ್, ಇನ್‌ಕಂ ಟ್ಯಾಕ್ಸ್ ಲಾಗಿನ್ ಎಲ್ಲ ಓಡಾಡುವ ಸಿಸ್ಟಂ ಅದು. ಪ್ಯಾಚ್ (ಭದ್ರತಾ ರಿಪೇರಿ) ಇಲ್ಲದ ಬ್ರೌಸರ್‌ನ ರಂಧ್ರವನ್ನು ಯಾವ ಆಡ್ ಬ್ಲಾಕರ್ರೂ ಮುಚ್ಚಲಾರದು.

ನಿಮ್ಮ ವಿಡಿಯೊ ಸುಳ್ಳಲ್ಲ, ಹಳತು. ಎಕ್ಸ್‌ಟೆನ್ಶನ್ ಬರೆಯುವ ನಿಯಮಾವಳಿಯನ್ನು ಮ್ಯಾನಿಫೆಸ್ಟ್ ಅಂತಾರೆ. ಯೂಬ್ಲಾಕ್ ಒರಿಜಿನ್ ಇರುವುದು ಎರಡನೇ ಆವೃತ್ತಿಯಲ್ಲಿ. ಮೂರನೆಯದು 2021ರಲ್ಲಿ ಕ್ರೋಮ್ 88ರ ಜೊತೆ ಬಂತು. 2024ರ ಜೂನ್‌ನಲ್ಲಿ ಬೀಟಾ ಚಾನೆಲ್‌ಗಳಲ್ಲಿ, ಅಂದರೆ ಪರೀಕ್ಷೆಗೆ ಬಿಡುವ ಕ್ರೋಮ್‌ಗಳಲ್ಲಿ, ಎಚ್ಚರಿಕೆ ಕಾಣಿಸಿಕೊಂಡು, ಅಕ್ಟೋಬರ್‌ನಿಂದ ಸಾಮಾನ್ಯ ಬಳಕೆದಾರರಿಗೂ ಎರಡನೇ ಆವೃತ್ತಿಯವನ್ನು ಆಫ್ ಮಾಡುವುದು ಶುರುವಾಯಿತು. ಆಫೀಸ್ ನೆಟ್‌ವರ್ಕ್‌ಗಳಿಗೆಂದು ಬಿಟ್ಟಿದ್ದ ಪಾಲಿಸಿಯನ್ನೇ (ಹಳೆಯದನ್ನು ಇನ್ನಷ್ಟು ದಿನ ನಡೆಸುವ ವಿನಾಯಿತಿ) ಆ ರಿಜಿಸ್ಟ್ರಿ ಎಂಟ್ರಿ ಆನ್ ಮಾಡುತ್ತಿತ್ತು. ಕ್ರೋಮ್ 138ರವರೆಗೆ ನಡೆಯಿತು, 139ರಲ್ಲಿ ಆ ಪಾಲಿಸಿಯನ್ನೇ ತೆಗೆದರು. ಈಗ ಏನು ಎಂಟ್ರಿ ಹಾಕಿದರೂ ಕೇಳುವವರಿಲ್ಲ, ಹಾಕಿದ್ದನ್ನು ಅಳಿಸಿಬಿಡಿ.

ಬದಲಾದದ್ದು ಇಷ್ಟು. ಮೊದಲು ಪುಟವೊಂದು ಯಾವುದೇ ಫೈಲ್ ಕೇಳಿದಾಗ ಬ್ರೌಸರ್ ನಿಂತು, ‘ಬಿಡಲೋ ಬೇಡವೋ’ ಎಂದು ಎಕ್ಸ್‌ಟೆನ್ಶನ್ ಅನ್ನು ಕೇಳುತ್ತಿತ್ತು. ಈಗ ಎಕ್ಸ್‌ಟೆನ್ಶನ್ ನಿಯಮಗಳ ಪಟ್ಟಿಯನ್ನು ಮೊದಲೇ ಕೊಟ್ಟಿರಬೇಕು, ತೀರ್ಮಾನ ಬ್ರೌಸರ್‌ನದು. ಪಟ್ಟಿಗೂ ಮಿತಿ ಇದೆ: ಒಂದು ಎಕ್ಸ್‌ಟೆನ್ಶನ್‌ಗೆ ಖಾತ್ರಿಯಾಗಿ 30,000 ಸ್ಥಿರ ನಿಯಮ, ಅದರ ಮೇಲೆ ಬೇಕಾದರೆ ಎಲ್ಲ ಎಕ್ಸ್‌ಟೆನ್ಶನ್‌ಗಳೂ ಹಂಚಿಕೊಳ್ಳುವ ಸಾಮಾನ್ಯ ಖಾತೆಯಿಂದ. ನನ್ನ ಲೆಕ್ಕದಲ್ಲಿ ಸಂಖ್ಯೆಗಿಂತ ದೊಡ್ಡ ತೊಂದರೆ ಬೇರೆ. ಸ್ಥಿರ ಪಟ್ಟಿ ಎಕ್ಸ್‌ಟೆನ್ಶನ್ ಜೊತೆಗೇ ಪ್ಯಾಕ್ ಆಗಿ ಬರುವುದರಿಂದ, ಇವತ್ತು ಬೆಳಿಗ್ಗೆ ಹುಟ್ಟಿದ ಫಿಶಿಂಗ್ (ಪಾಸ್‌ವರ್ಡ್ ಕದಿಯುವ ನಕಲಿ) ಸೈಟ್ ಅದಕ್ಕೆ ಸೇರಬೇಕಾದರೆ ಸ್ಟೋರ್‌ನಲ್ಲಿ ಹೊಸ ಆವೃತ್ತಿ ಬರುವವರೆಗೆ ಕಾಯಬೇಕು. ಹಳೆಯ ಯೂಬ್ಲಾಕ್ ಪಟ್ಟಿಗಳನ್ನು ತಾನೇ ಹೋಗಿ ತಂದುಕೊಳ್ಳುತ್ತಿತ್ತು.

ನಿಮಗೆ ಎರಡು ದಾರಿ. ಕ್ರೋಮ್‌ನಲ್ಲೇ ಇರುತ್ತೀರಾದರೆ ಅದೇ ಡೆವಲಪರ್‌ನ ಯೂಬ್ಲಾಕ್ ಒರಿಜಿನ್ ಲೈಟ್ ಹಾಕಿ. ಐಕಾನ್ ಒತ್ತಿದರೆ ಫಿಲ್ಟರಿಂಗ್ ಮಟ್ಟ ಕಾಣುತ್ತದೆ. ಬೇಸಿಕ್‌ನಲ್ಲಿದ್ದರೆ ನೆಟ್‌ವರ್ಕ್ ಮಟ್ಟದ ತಡೆ ಮಾತ್ರ, ಆಪ್ಟಿಮಲ್‌ಗೆ ಏರಿಸಿ. ಸ್ಟೋರ್‌ನಲ್ಲಿ ಹೆಸರು ಹುಡುಕಿ ಮೊದಲು ಕಂಡದ್ದನ್ನು ಹಾಕಬೇಡಿ, ಹೆಸರು ಕದ್ದ ನಕಲಿಗಳಿಗೆ ಇದೇ ಸುಗ್ಗಿ ಕಾಲ. ಡೆವಲಪರ್ ತನ್ನ ಕೋಡ್ ಇಟ್ಟಿರುವ ಗಿಟ್‌ಹಬ್ ಪುಟದಲ್ಲಿರುವ ಲಿಂಕ್‌ನಿಂದಲೇ ಹೋಗಿ. ಇನ್ನೊಂದು ದಾರಿ ಫೈರ್‌ಫಾಕ್ಸ್. ಅಲ್ಲಿ ಹಳೆಯ ತಡೆ ವ್ಯವಸ್ಥೆಯನ್ನು ಉಳಿಸಿಕೊಂಡಿದ್ದಾರೆ, ಪೂರ್ಣ ಯೂಬ್ಲಾಕ್ ಒರಿಜಿನ್ ನಡೆಯುತ್ತದೆ. ತೆರಿಗೆ ಪೋರ್ಟಲ್ ಕೆಲಸಕ್ಕೆ ಕ್ರೋಮ್, ಉಳಿದ ಓಡಾಟಕ್ಕೆ ಫೈರ್‌ಫಾಕ್ಸ್ ಎಂದು ಬೇರೆ ಮಾಡಿದರೆ ಆಫೀಸಿಗೆ ಅದೇ ಒಳ್ಳೆಯದು. ಬ್ರೇವ್ ಬ್ರೌಸರ್ ಕೂಡ ಆಗಬಹುದು, ಅದರ ಆಡ್ ಬ್ಲಾಕರ್ ಶೀಲ್ಡ್ಸ್ ಬ್ರೌಸರ್‌ನ ಒಳಗೇ ಇರುವುದರಿಂದ ಈ ಮ್ಯಾನಿಫೆಸ್ಟ್ ರಗಳೆ ತಟ್ಟುವುದಿಲ್ಲ.

ಪ್ರಶ್ನೆ: ನನಗೆ ಆಫ್ ಆಗಿರೋದು ಒಟಿಪಿ ಕೋಡ್ ತೋರಿಸುವ ಎಕ್ಸ್‌ಟೆನ್ಶನ್. ‘ರಿಮೂವ್’ ಅಂತ ಬಟನ್ ತೋರಿಸ್ತಿದೆ. ತೆಗೆದು ಮತ್ತೆ ಹಾಕಿದರೆ ಸರಿಹೋಗುತ್ತಾ?

ಉತ್ತರ: ಬೇಡ ಮೇಡಂ! ಕೈ ಹಿಂದೆ ತೆಗೀರಿ. ಆಫ್ ಆದರೆ ಅದರ ಡೇಟಾ ಪ್ರೊಫೈಲ್‌ನಲ್ಲಿ ಹಾಗೇ ಕೂತಿರುತ್ತದೆ. ರಿಮೂವ್ ಮಾಡಿದರೆ ಡೇಟಾವೂ ಹೋಗುತ್ತದೆ. ಪಾಸ್‌ವರ್ಡ್ ಮ್ಯಾನೇಜರ್ ಆಗಿದ್ದರೆ ಸಾಮಾನ್ಯವಾಗಿ ಸರ್ವರ್‌ನಲ್ಲಿ ಪ್ರತಿ ಇರುತ್ತದೆ, ಮತ್ತೆ ಲಾಗಿನ್ ಆದರೆ ಸಾಕು. ಕೋಡ್ ತೋರಿಸುವವು ಬಹಳಷ್ಟು ಸಲ ಗುಟ್ಟಿನ ಕೀಯನ್ನು ನಿಮ್ಮ ಕಂಪ್ಯೂಟರ್‌ನಲ್ಲೇ ಇಡುತ್ತವೆ. ಹೋದರೆ ಒಂದೊಂದು ಖಾತೆಯ ರಿಕವರಿಗೂ ಅಲೆಯಬೇಕು.

ಮೊದಲು ಎಕ್ಸ್‌ಟೆನ್ಶನ್ ಪುಟದಲ್ಲಿ ಕಾರಣ ಏನೆಂದು ಬರೆದಿದೆ, ಓದಿ. ‘ಹೊಸ ಅನುಮತಿ ಬೇಕು’ ಎಂದಿದ್ದರೆ ಇದು ಮ್ಯಾನಿಫೆಸ್ಟ್ ವಿಷಯವೇ ಅಲ್ಲ. ಹೊಸ ಆವೃತ್ತಿ ಹೆಚ್ಚು ಅನುಮತಿ ಕೇಳಿದರೆ ನೀವು ಒಪ್ಪುವವರೆಗೆ ಕ್ರೋಮ್ ಅದನ್ನು ಆಫ್ ಮಾಡಿಡುತ್ತದೆ. ಏನು ಕೇಳುತ್ತಿದೆ ನೋಡಿ ಒಪ್ಪಿ. ‘ಮಾಲ್‌ವೇರ್ ಇದೆ’ ಎಂದಿದ್ದರೆ ಮಾತ್ರ ಆನ್ ಮಾಡುವ ಯೋಚನೆ ಬಿಡಿ. ಫೋನ್‌ನ ಒಟಿಪಿ ಆ್ಯಪ್‌ನಲ್ಲಿ ಖಾತೆಗಳನ್ನು ಹೊಸದಾಗಿ ಸೇರಿಸಿ, ಕೋಡ್ ನಡೆಯುತ್ತಿದೆ ಎಂದು ನೋಡಿಕೊಂಡು, ಆಮೇಲೆ ತೆಗೆಯಿರಿ. ‘ಸಪೋರ್ಟ್ ಇಲ್ಲ’ ಎಂದೇ ಇದ್ದರೆ ರಿಮೂವ್ ಮಾಡದೆ ಕಾದು ನೋಡಿ. ಡೆವಲಪರ್ ಅದೇ ಎಕ್ಸ್‌ಟೆನ್ಶನ್‌ಗೆ ಮೂರನೇ ಆವೃತ್ತಿಯ ಅಪ್‌ಡೇಟ್ ಕೊಟ್ಟರೆ ಹಳೆಯ ಡೇಟಾದ ಮೇಲೇ ಕೆಲಸ ಮುಂದುವರಿಯುತ್ತದೆ. ಕಾಯುವಷ್ಟು ಹೊತ್ತಿನಲ್ಲಿ, ಈಗಲೂ ಲಾಗಿನ್ ಆಗಿರುವ ಖಾತೆಗಳಿಗೆ ಹೋಗಿ ಬ್ಯಾಕಪ್ ಕೋಡ್ ಇಳಿಸಿಕೊಂಡು ಕಾಗದದ ಮೇಲೆ ಬರೆದಿಡಿ.

ಪ್ರಶ್ನೆ: ನಮ್ಮಲ್ಲಿ ಹಳೇ ವಿಂಡೋಸ್ 7, ಫೈರ್‌ಫಾಕ್ಸ್. ಎಲ್ಲ ಆಡ್‌ಆನ್ (ಫೈರ್‌ಫಾಕ್ಸ್‌ನ ಎಕ್ಸ್‌ಟೆನ್ಶನ್) ಒಟ್ಟಿಗೇ ಸತ್ತಿವೆ, ಅಪ್‌ಡೇಟ್ ಮಾಡೇ ಇಲ್ಲ ಸರ್!

ಉತ್ತರ: ಮಾಡದೇ ಇದ್ದದ್ದೇ ಕಾರಣ. ಆಡ್‌ಆನ್ ಅಸಲಿಯೇ ಎಂದು ಅದರ ಡಿಜಿಟಲ್ ಸಹಿ ಪರೀಕ್ಷಿಸುವ ಮೂಲ ಸರ್ಟಿಫಿಕೇಟ್‌ನ ಅವಧಿ 2025ರ ಮಾರ್ಚ್ 14ಕ್ಕೆ ಮುಗಿಯಿತು. 128ಕ್ಕಿಂತ ಹಳೆಯ ಫೈರ್‌ಫಾಕ್ಸ್‌ಗಳಿಗೆ ಹೊಸದು ಗೊತ್ತಿಲ್ಲ. ವಿಂಡೋಸ್ 7ಕ್ಕೆ ಇರುವುದು 115ರ ಇಎಸ್‌ಆರ್ (ದೀರ್ಘಕಾಲ ಸಪೋರ್ಟ್ ಸಿಗುವ) ಆವೃತ್ತಿ, ಅದರಲ್ಲಿ ಮಾತ್ರ ಹೊಸ ಸರ್ಟಿಫಿಕೇಟ್ ಸೇರಿಸಿದ್ದಾರೆ, 115.13 ಅಥವಾ ಅದರ ನಂತರದ್ದನ್ನು ಹಾಕಿ. ನೆಟ್‌ನಲ್ಲಿ ಸಿಗುವ, ಸಹಿ ಪರೀಕ್ಷೆಯನ್ನೇ ಆಫ್ ಮಾಡಿ ಎನ್ನುವ ಸಲಹೆ 2019ರ ಮೇ ತಿಂಗಳದ್ದು. ಆಗ ಮೂಲದ ಕೆಳಗಿನ ಇನ್ನೊಂದು ಸರ್ಟಿಫಿಕೇಟ್ ಮುಗಿದು, ಫೈರ್‌ಫಾಕ್ಸ್ ಆಧಾರಿತ ಟಾರ್ ಬ್ರೌಸರ್‌ನ ನೋಸ್ಕ್ರಿಪ್ಟ್ (ಸ್ಕ್ರಿಪ್ಟ್ ತಡೆಯುವ ಆಡ್‌ಆನ್) ಸಮೇತ ಎಲ್ಲ ನಿಂತಿದ್ದವು, ಸರಿಪಡಿಸಿದ ಆವೃತ್ತಿ ಬರುವವರೆಗಿನ ತಾತ್ಕಾಲಿಕ ಉಪಾಯ ಅದು. ಈಗ ಹಾಗೆ ಮಾಡಿದರೆ ಸಹಿ ಇಲ್ಲದ ಯಾವುದೇ ಆಡ್‌ಆನ್‌ಗೂ ಬಾಗಿಲು ತೆಗೆದಂತೆ.

ಪ್ರಶ್ನೆ (ಮೊದಲು ಕೇಳಿದವರು): ಧನ್ಯವಾದ ಸರ್, ಯೂಬ್ಲಾಕ್ ಒರಿಜಿನ್ ಲೈಟ್ ಹಾಕಿದೆ. ಇನ್ನೊಂದು: ಅದೇ ಅಪ್‌ಡೇಟ್ ನಂತರ ಒಂದು ಸಿಸ್ಟಂನಲ್ಲಿ ಡಿಎಸ್‌ಸಿ (ಡಿಜಿಟಲ್ ಸಹಿ ಸರ್ಟಿಫಿಕೇಟ್) ಸೈನ್ ಆಗ್ತಿಲ್ಲ. ಅದಿರುವ ಯುಎಸ್‌ಬಿ ಟೋಕನ್‌ನ ದೀಪ ಉರೀತಿದೆ.

ಉತ್ತರ: ಸೈನ್ ಮಾಡುವ ಸಾಫ್ಟ್‌ವೇರ್ ನಿಮ್ಮ ಕಂಪ್ಯೂಟರ್‌ನಲ್ಲೇ 127.0.0.1 ವಿಳಾಸದಲ್ಲಿ ಕಾಯುತ್ತಿರುತ್ತದೆ, ಪೋರ್ಟಲ್ ಪುಟ ಅದರ ಜೊತೆ ಮಾತಾಡುತ್ತದೆ. ಕ್ರೋಮ್ 142ರಿಂದ ವೆಬ್ ಪುಟ ಲೋಕಲ್ ನೆಟ್‌ವರ್ಕ್‌ಗೆ (ನಿಮ್ಮದೇ ಕಂಪ್ಯೂಟರ್‌ನ 127.0.0.1 ಕೂಡ ಸೇರಿ) ಹೋಗಬೇಕಾದರೆ ಅನುಮತಿ ಕೇಳುತ್ತದೆ. ಆ ಸಿಸ್ಟಂನಲ್ಲಿ ಯಾರೋ ‘ಬ್ಲಾಕ್’ ಒತ್ತಿರಬಹುದು, ಒತ್ತಿದರೆ ಮತ್ತೆ ಕೇಳುವುದಿಲ್ಲ. ವಿಳಾಸದ ಎಡಗಡೆಯ ಐಕಾನ್ ಒತ್ತಿ, ಸೈಟ್ ಸೆಟ್ಟಿಂಗ್ಸ್‌ನಲ್ಲಿ ಆ ಅನುಮತಿಯನ್ನು ‘ಅಲೋ’ ಮಾಡಿ, ಪುಟ ರಿಫ್ರೆಶ್ ಮಾಡಿ.

ಅದೂ ಆಗದಿದ್ದರೆ ಲೋಕಲ್ ಸರ್ಟಿಫಿಕೇಟ್ ನೋಡಿ. ಜಿಎಸ್‌ಟಿಗೆ ಸೈನ್ ಮಾಡುವ ಎಂಸೈನರ್ ಸಾಫ್ಟ್‌ವೇರ್ ಆದರೆ ಹೊಸ ಟ್ಯಾಬ್‌ನಲ್ಲಿ ಎಚ್‌ಟಿಟಿಪಿಎಸ್ ಸೇರಿಸಿ 127.0.0.1:1585 ತೆರೆಯಿರಿ, ಅಡ್ವಾನ್ಸ್ಡ್ ಒತ್ತಿ ‘ಪ್ರೊಸೀಡ್’ ಕೊಡಿ. ಪುಟವೇ ತೆರೆಯದೆ ‘ಕನೆಕ್ಷನ್ ನಿರಾಕರಿಸಲಾಗಿದೆ’ ಎಂದು ಬಂದರೆ ಎಂಸೈನರ್ ಓಡುತ್ತಿಲ್ಲ, ಅಡ್ಮಿನಿಸ್ಟ್ರೇಟರ್ ಆಗಿ ಶುರು ಮಾಡಿ. ಈ ‘ಪ್ರೊಸೀಡ್’ 127.0.0.1ಕ್ಕೆ ಮಾತ್ರ ಸರ್. ಹೊರಗಿನ ಸೈಟ್ ಅದೇ ಕೆಂಪು ಎಚ್ಚರಿಕೆ ತೋರಿಸಿದರೆ ಟ್ಯಾಬ್ ಮುಚ್ಚಬೇಕು ಎಂದು ಹುಡುಗರಿಗೆ ಹೇಳಿಡಿ.