ದುಡ್ಡು ಹಾಕದೆ ಕ್ಲಾಶ್ ಆಫ್ ಕ್ಲಾನ್ಸ್ ಆಡೋಕೆ ಆಗುತ್ತಾ?

ಮಂಡಕ್ಕಿ_ಮಿರ್ಚಿ, ದಾವಣಗೆರೆ:
ನನಗೆ ಗೇಮ್ ಹುಚ್ಚು ಯಾವತ್ತೂ ಇರಲಿಲ್ಲ. ರಜೆಗೆ ಬಂದ ಅಕ್ಕನ ಮಗ ನನ್ನ ಫೋನಿಗೆ ಇದನ್ನು ಹಾಕಿ, ನಾಲ್ಕು ದಿನ ಊರು ಕಟ್ಟಿ, ರಜೆ ಮುಗಿಸಿ ಹೊರಟೇಬಿಟ್ಟ, ಊರು ನನ್ನ ತಲೆಗೆ ಬಿತ್ತು. ಮಧ್ಯಾಹ್ನ ಅಂಗಡಿಗೆ ಗಿರಾಕಿ ಕಮ್ಮಿ, ಸುಮ್ನೆ ತೆಗೆದು ನೋಡಿದೆ, ಈಗ ಬಿಡೋಕೆ ಆಗುತ್ತಿಲ್ಲ. ಮೊದಲು ಎಲ್ಲ ನಿಮಿಷದಲ್ಲಿ ಮುಗಿಯುತ್ತಿತ್ತು. ಈಗ ಏನು ಕಟ್ಟಲು ಹೋದರೂ ಗಂಟೆಗಟ್ಟಲೆ. ಇರೋದು ಇಬ್ಬರೇ ಬಿಲ್ಡರ್‌ಗಳು, ಇಬ್ಬರಿಗೂ ಬಿಡುವಿಲ್ಲ. ನಮ್ಮ ಮನೆ ಕಟ್ಟಿದ ಗಾರೆಯವರೇ ವಾಸಿ, ಫೋನಾದರೂ ಎತ್ತುತ್ತಿದ್ದರು. ರಾತ್ರಿ ಕೂಡಿಟ್ಟ ಚಿನ್ನವನ್ನು ಬೆಳಗ್ಗೆ ಯಾರೋ ಹೊಡೆದುಕೊಂಡು ಹೋಗಿರುತ್ತಾರೆ. ಹುಡುಗನನ್ನು ಕೇಳಿದರೆ "ಮಾಮ, ಜೆಮ್ಸ್ ತಗೋ" ಅಂತಾನೆ, ಅಂದರೆ ನಿಜವಾದ ದುಡ್ಡು ಕೊಟ್ಟು ಕೊಳ್ಳೋ ಗೇಮಿನ ಹರಳು. ದುಡ್ಡು ಹಾಕದೆ ಮುಂದೆ ಹೋಗಬಹುದಾ, ಇಲ್ಲ ಇಲ್ಲಿಗೇ ಬಿಡಲಾ?

ಹಳೆ_ಹಾಸ್ಟೆಲ್:
ಹೋಗಬಹುದು ಸರ್. 2013ರಲ್ಲಿ ಇದು ಆಂಡ್ರಾಯ್ಡ್‌ಗೆ ಬಂತು, ಮರುವರ್ಷ ದಾವಣಗೆರೆಯಲ್ಲಿ ನಮ್ಮ ಹಾಸ್ಟೆಲಿನ ಇಡೀ ಮಹಡಿ ಒಂದೇ ಕ್ಲಾನ್, ಅಂದರೆ ಒಟ್ಟಿಗೆ ಆಡೋ ತಂಡ. ಕ್ಲಾನ್ ವಾರ್ ಅಂದರೆ ಒಂದು ದಿನ ತಯಾರಿ, ಒಂದು ದಿನ ಯುದ್ಧ, ಒಬ್ಬೊಬ್ಬರಿಗೆ ಎರಡೇ ದಾಳಿ. ಎರಡನೇ ದಾಳಿ ಮಾಡದೆ ಮಲಗಿದವನಿಗೆ ಮರುದಿನ ಬೆಣ್ಣೆ ದೋಸೆ ದಂಡ. ಆಗ ಸೈನ್ಯ ತಯಾರಾಗೋಕೂ ಕಾಯಬೇಕಿತ್ತು. 2025ರಲ್ಲಿ ಅದನ್ನು ತೆಗೆದರು, ನೀವು ಪುಣ್ಯವಂತರು.

ಜೆಮ್ಸ್ ಹೋಗಬೇಕಾದ್ದು ಬಿಲ್ಡರ್‌ಗಳಿಗೆ ಮಾತ್ರ. ಮೂರನೆಯವನಿಗೆ 500, ನಾಲ್ಕನೆಯವನಿಗೆ 1000, ಐದನೆಯವನಿಗೆ 2000. ಕೆಲಸ ಬೇಗ ಮುಗಿಸೋ ಹಸಿರು ಬಟನ್ ಕಡೆ ನೋಡಲೇಬೇಡಿ, ದುಡ್ಡು ನುಂಗೋ ಬಾಯಿ ಅದೇ. ಜೆಮ್ಸ್ ಎಲ್ಲಿಂದ ಅಂದರೆ, ಊರಲ್ಲಿ ಬೆಳೆಯೋ ಗಿಡ, ಪೊದೆ ಕೀಳಿಸಿ, ಕೆಲವು ಸಲ ಏನೂ ಸಿಗಲ್ಲ, ಕೆಲವು ಸಲ ಒಂದರಿಂದ ಆರರವರೆಗೂ ಸಿಗುತ್ತವೆ. ಅಪರೂಪಕ್ಕೆ ಬರೋ ಜೆಮ್ ಪೆಟ್ಟಿಗೆಯಲ್ಲಿ 25. ಅಚೀವ್‌ಮೆಂಟ್ ಪಟ್ಟಿ, ಅಂದರೆ ಗುರಿ ಮುಟ್ಟಿದ್ದಕ್ಕೆ ಬಹುಮಾನ ಕೊಡೋ ಪಟ್ಟಿ, ತೆಗೆದು ನೋಡಿ, ಅಲ್ಲಿ ಜಾಸ್ತಿ ಇರುತ್ತೆ, ಕ್ಲೇಮ್ ಒತ್ತದೆ ಬಿಟ್ಟಿರುತ್ತೀರಿ.

ಇನ್ನೊಂದು, ಇರೋದನ್ನೆಲ್ಲ ಬೆಳೆಸದೆ ಊರಿನ ಮುಖ್ಯ ಕಟ್ಟಡ ಟೌನ್ ಹಾಲ್ ಒಂದನ್ನೇ ಏರಿಸಬೇಡಿ.

ಕೋಟೆ_ಕೆಳಗಿನವ, ಚಿತ್ರದುರ್ಗ:
ಜೆಮ್ಸ್ ಆಮೇಲೆ. ಚಿನ್ನದ ಉಗ್ರಾಣ ಎಲ್ಲಿಟ್ಟಿದ್ದೀರಿ, ಅದು ಹೇಳಿ. ಗೋಡೆ ಆಚೆ ಇಟ್ಟಿದ್ದರೆ ದಾಳಿಗೆ ಬರೋ ಗಾಬ್ಲಿನ್‌ಗಳಿಗೆ ಹಬ್ಬ. ಅವು ಮೊದಲು ಓಡೋದೇ ದುಡ್ಡಿರೋ ಕಡೆಗೆ.

ನಮ್ಮೂರಿನವರು ಕೋಟೆ ಮಾತು ಬಂದರೆ ಓಬವ್ವನ ಕಿಂಡಿಗೇ ಹೋಗುತ್ತಾರೆ, ನಾನು ಹೋಗಲ್ಲ. ಒಂದು ಭಾನುವಾರ ಬಂದು ಕೋಟೆ ಹತ್ತಿ ನೋಡಿ. ಬಾಗಿಲುಗಳು ಒಂದೇ ನೇರಕ್ಕಿಲ್ಲ. ಒಂದು ದಾಟಿದರೆ ಎದುರಿಗೆ ಗೋಡೆ, ದಾರಿ ತಿರುಗುತ್ತೆ, ಆನೆ ಓಡಿಬಂದು ಗುದ್ದೋಕೆ ಜಾಗವೇ ಸಿಗಲ್ಲ. ಕಣಜ, ಎಣ್ಣೆ ಕೊಳ, ನೀರಿನ ಹೊಂಡ ಎಲ್ಲ ಸುತ್ತಿನ ಒಳಗೆ. ನಿಮ್ಮ ಊರನ್ನೂ ಹಾಗೇ ಮಾಡಿ. ಒಂದೇ ದೊಡ್ಡ ಗೋಡೆ ಸುತ್ತಿದರೆ ವಾಲ್ ಬ್ರೇಕರ್ ಅನ್ನೋ ಸೈನಿಕ ಒಂದು ಕಡೆ ಒಡೆದರೆ ಸಾಕು, ಎಲ್ಲ ಮುಗಿಯಿತು. ಸಣ್ಣ ಸಣ್ಣ ಕೋಣೆ ಮಾಡಿ. ಜೈಂಟ್‌ಗಳು ಮೊದಲು ಫಿರಂಗಿಯಂಥ ಕಾವಲು ಕಟ್ಟಡ ಹುಡುಕಿಕೊಂಡು ಹೋಗುತ್ತವೆ, ಅವು ಹೋಗೋ ದಾರಿ ಉದ್ದ ಆಗಲಿ. ದೂರಕ್ಕೆ ಗುಂಡು ಎಸೆಯೋ ಮಾರ್ಟರ್ ಮಧ್ಯಕ್ಕೆ ಇಡಿ, ಅದಕ್ಕೆ ತೀರಾ ಹತ್ತಿರ ಬಂದವರು ಕಾಣಿಸಲ್ಲ. ಫಿರಂಗಿಗೂ ಮಾರ್ಟರಿಗೂ ಹಾರುವ ಬಲೂನು ಹೊಡೆಯೋಕೆ ಬರಲ್ಲ, ಅದಕ್ಕೆ ಆರ್ಚರ್ ಟವರ್, ಏರ್ ಡಿಫೆನ್ಸ್ ಬೇಕು.

ಮಲಗೋ ಮುಂಚೆ ಮಿಕ್ಕ ಚಿನ್ನವನ್ನೆಲ್ಲ ಗೋಡೆಗೆ ಹಾಕಿ. ಗೋಡೆ ಏರಿಸೋಕೆ ಕಾಯಬೇಕಾಗಿಲ್ಲ. ಖಾಲಿ ಉಗ್ರಾಣಕ್ಕೆ ಯಾರು ಬರುತ್ತಾರೆ?

ಕೈಸುಟ್ಟವ:
ಎಲ್ಲರೂ ಖುಷಿಯಾಗಿ ಹೇಳುತ್ತಿದ್ದೀರಿ, ನಾನು ಸ್ವಲ್ಪ ಕೆಡಿಸುತ್ತೇನೆ. ಇದೇ ಥರದ ಬೇರೊಂದು ಗೇಮ್, ಹೆಸರು ಬೇಡ, "ಇವತ್ತು ಮಾತ್ರ 89 ರೂಪಾಯಿ" ಅಂತ ದಿನಾ ಹೇಳುತ್ತಿತ್ತು. ಅಲ್ಲಿ ಮೂರು ತಿಂಗಳಲ್ಲಿ ಒಂದು ಗಾಡಿಯ ಟೈರ್ ದುಡ್ಡು ಹೋಯಿತು. ಒಮ್ಮೆ ಹಾಕಿದೆ ಅಂದರೆ, ಹಾಕಿದ್ದು ವ್ಯರ್ಥ ಆಗಬಾರದು ಅಂತ ಮತ್ತೆ ಹಾಕುತ್ತೇವೆ, ಅಲ್ವಾ? ಇವರು ಮಾರೋದು ಜೆಮ್ಸ್ ಅಲ್ಲ ಅಣ್ಣಾ, ನಮ್ಮ ಆತುರಾನೇ ನಮಗೆ ಮಾರುತ್ತಾರೆ. ಪ್ಲೇ ಸ್ಟೋರ್ ಸೆಟ್ಟಿಂಗ್‌ಗೆ ಹೋಗಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳೋ ಹಾಗೆ ಮಾಡಿ. ಅಕ್ಕನ ಮಗ ಮತ್ತೆ ಬರುತ್ತಾನಲ್ಲ.

ಮಂಡಕ್ಕಿ_ಮಿರ್ಚಿ:
ಮೊದಲು ಪಾಸ್‌ವರ್ಡ್ ಹಾಕಿದೆ. ಅಚೀವ್‌ಮೆಂಟಲ್ಲಿ ಕ್ಲೇಮ್ ಮಾಡದ್ದು ಬೇಕಾದಷ್ಟು ಇತ್ತು, ಗಿಡ ಕಿತ್ತದ್ದೂ ಸೇರಿ 500 ದಾಟಿತು, ಮೂರನೇ ಗಾರೆಯವ ಬಂದ. ಉಗ್ರಾಣ ಒಳಗೆ ತಂದೆ, ನಿನ್ನೆ ರಾತ್ರಿ ಮಿಕ್ಕಿದ್ದನ್ನು ಗೋಡೆಗೆ ಹಾಕಿ ಮಲಗಿದೆ. ಬೆಳಗ್ಗೆ ನೋಡಿದರೆ ಯಾರೋ ಬಂದು ಅರ್ಧ ಊರು ಕೆಡವಿ, ಚಿಲ್ಲರೆ ಚಿನ್ನ ತಗೊಂಡು ಹೋಗಿದ್ದಾನೆ. ಆ ದಾಳಿಯ ರೀಪ್ಲೇ ಇದೆಯಂತೆ, ಅದನ್ನು ನಾಲ್ಕು ಸಲ ಹಾಕಿ ನೋಡಿದೆ, ಅಷ್ಟರಲ್ಲಿ ಗಿರಾಕಿಯೊಬ್ಬರು ಬಂದು ನಿಂತು ವಾಪಸ್ ಹೋದರು. ಕೋಟೆಯವರೇ, ಭಾನುವಾರ ಬರುತ್ತೇನೆ.