ಸಹಾಯ ಬೇಕು: ಎಐ ತುಂಬಿಕೊಟ್ಟ ಶಾಸನದ ಅಕ್ಷರಗಳನ್ನು ಏನು ಮಾಡಲಿ?

ಎಲ್ಲರಿಗೂ ನಮಸ್ಕಾರ. ನಾನು ವಿರಾಜಪೇಟೆಯವಳು, ಕನ್ನಡ ಎಂ.ಎ. ಓದುತ್ತಿದ್ದೇನೆ. ನಮ್ಮ ಕಾಫಿ ತೋಟದ ಅಂಚಿನಲ್ಲಿ ಒಂದು ವೀರಗಲ್ಲಿದೆ. ಕಿರುಪ್ರಬಂಧಕ್ಕೆ ಅದನ್ನೇ ಆರಿಸಿಕೊಂಡೆ. ಆರು ಸಾಲು ಬರಹ, ಮಳೆಗೆ ಅರ್ಧ ಸವೆದಿದೆ.

ಫೋಟೋ ತೆಗೆದು ಒಂದು ಎಐ ಆ್ಯಪ್‌ಗೆ ಕೊಟ್ಟೆ. ಒಂದಕ್ಷರವೂ ಬಿಡದೆ ಆರೂ ಸಾಲು ಓದಿಕೊಟ್ಟಿತು! ಬೆರಳಾಡಿಸಿದರೂ ಸಿಗದ ಅಕ್ಷರ ಅದಕ್ಕೆ ಹೇಗೆ ಕಂಡಿತು? ಅನುಮಾನ ಬಂತು. ನಮ್ಮ ಕೊಡಗಿನದೇ ಆದ ಪೆಗ್ಗೂರು ಶಾಸನದ (ಶಕ 899, ಅಂದರೆ ಸುಮಾರು ಕ್ರಿ.ಶ. 977) ಅಚ್ಚಾದ ಪಾಠದಿಂದ ಎರಡು ಪದ ಅಳಿಸಿ ಕೊಟ್ಟು ನೋಡಿದೆ. ಬೇರೆಯೇ ಪದ ತುಂಬಿತು, ಊಹೆ ಅಂತಲೂ ಹೇಳಲಿಲ್ಲ. ನಮ್ಮ ಕಲ್ಲಿನಲ್ಲಿ ಸ್ಪಷ್ಟವಾಗಿರುವ ‘ಇದನೞಿದೊಂ’ (ಇದನ್ನು ನಾಶಮಾಡಿದವನು) ಕೂಡ ‘ಇದನಳಿದೊಂ’ ಆಗಿದೆ. ಹಳಗನ್ನಡದಲ್ಲಿ ‘ಅೞಿ’ ಅಂದರೆ ನಾಶಮಾಡು, ‘ಅಳಿ’ ಅಂದರೆ ದುಂಬಿ. ಅರ್ಥವೇ ಕೆಟ್ಟಿತು, ಅಲ್ವಾ?

ರಾತ್ರಿ ಟಾರ್ಚನ್ನು ಓರೆಯಾಗಿ ಹಿಡಿದು ನೋಡಿದೆ. ಕಾಗದ ಒತ್ತಿ ಪಡಿಯಚ್ಚು ತೆಗೆದೆ. ಶಾಸನತಜ್ಞ ಬಿ.ಎಲ್. ರೈಸ್ 1886ರಲ್ಲಿ ಪ್ರಕಟಿಸಿದ ಕೊಡಗಿನ ಶಾಸನ ಸಂಪುಟದಲ್ಲೂ ಹುಡುಕಿದೆ, ಈ ಕಲ್ಲು ಅದರಲ್ಲಿಲ್ಲ.

ತೊಂದರೆ ಇಲ್ಲಿದೆ. ನಾಲ್ಕನೇ ಸಾಲಿಗೆ ಎಐ ಕೊಟ್ಟ ಪದ ನಿಜಕ್ಕೂ ಹೊಂದುತ್ತದೆ. ಆದರೆ ಅದನ್ನು ಓದಿದ ಮೇಲೆ ಕಲ್ಲಿನಲ್ಲೂ ನನಗೆ ಅದೇ ಕಾಣುತ್ತಿದೆ. ಇದು ನನ್ನ ಓದೋ, ಅದರ ಊಹೆಯೋ ಗೊತ್ತಾಗುತ್ತಿಲ್ಲ. ಸುಮ್ನೆ ನನ್ನದೆಂದು ಬರೆಯಲು ಮನಸ್ಸು ಒಪ್ಪುತ್ತಿಲ್ಲ.

ಶಾಸನ ಓದಿ ಅಭ್ಯಾಸ ಇರುವವರು ದಯವಿಟ್ಟು ಹೇಳಿ: ಆ ಪದವನ್ನು ಚೌಕ ಕಂಸದಲ್ಲಿ ಹಾಕಿ, ಎಐ ಸೂಚಿಸಿದ್ದು ಎಂದು ಅಡಿಟಿಪ್ಪಣಿ ಕೊಡಬಹುದೇ? ಅಥವಾ ಅಲ್ಲಿ ಬರೀ ಚುಕ್ಕೆ ಬಿಡಬೇಕೇ?