ಸಹಾಯ ಬೇಕು: ಚಾಲನೆಯಲ್ಲಿರುವ ಫರ್ಮ್‌ವೇರ್‌ನಲ್ಲಿ 2 ಎಂಬಿ ಮೆಮೊರಿ ಬ್ಲಾಕನ್ನು 4 ಕೆಬಿ ಪುಟಗಳಾಗಿ ಒಡೆಯುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಪೀಣ್ಯದ ಸಣ್ಣ ಸಂಸ್ಥೆಯೊಂದರಲ್ಲಿ ಕಾರ್ಟೆಕ್ಸ್-ಎ53 ಪ್ರೊಸೆಸರ್ ಇರುವ ನಿಯಂತ್ರಕ ಬೋರ್ಡಿಗೆ ಫರ್ಮ್‌ವೇರ್ ಬರೆಯುತ್ತಿದ್ದೇನೆ. ಕೋಡ್ ಮತ್ತು ಡೇಟಾ ಎರಡೂ ಒಂದೇ 2 ಎಂಬಿ ಬ್ಲಾಕಿನಲ್ಲಿರುವುದರಿಂದ, ಕೋಡನ್ನು ಓದಲು ಮಾತ್ರ ಬಿಟ್ಟು ಡೇಟಾವನ್ನು ಕಾರ್ಯಗತಗೊಳಿಸದಂತೆ ತಡೆಯಬೇಕಾದರೆ, ಆ ಬ್ಲಾಕನ್ನು 4 ಕೆಬಿಯ 512 ಪುಟಗಳಾಗಿ ಒಡೆಯಲೇಬೇಕು.

ವಿಳಾಸ ಅನುವಾದದ ಟೇಬಲಿನಲ್ಲಿ (ಪೇಜ್ ಟೇಬಲ್) ಆ ಬ್ಲಾಕಿನ ಹಳೆಯ ನಮೂದನ್ನು ಅಮಾನ್ಯಗೊಳಿಸಿ, ಟಿಎಲ್‌ಬಿ (ಅನುವಾದಗಳನ್ನು ನೆನಪಿಟ್ಟುಕೊಳ್ಳುವ ಕ್ಯಾಶ್) ತೆರವುಗೊಳಿಸಿ, ಬ್ಯಾರಿಯರ್ (ಹಿಂದಿನ ಕೆಲಸ ಮುಗಿಯುವವರೆಗೆ ಕಾಯಿಸುವ ಸೂಚನೆ) ಮುಗಿದ ಮೇಲಷ್ಟೇ ಹೊಸ ನಮೂದು ಬರೆಯಬೇಕೆಂಬ ಆರ್ಮ್ ನಿಯಮವನ್ನು ಪಾಲಿಸಿದ್ದೇನೆ. ಬೇರೆ ಬ್ಲಾಕುಗಳಲ್ಲಿ ಇದು ಸರಿಯಾಗಿ ನಡೆಯುತ್ತದೆ. ಆದರೆ ಓಡುತ್ತಿರುವ ಕೋಡ್, ಸ್ಟ್ಯಾಕ್ ಹಾಗೂ ಎಕ್ಸೆಪ್ಶನ್ ವೆಕ್ಟರ್ (ದೋಷ ಅಥವಾ ಇಂಟರಪ್ಟ್ ಬಂದಾಗ ಪ್ರೊಸೆಸರ್ ಜಿಗಿಯುವ ಕೋಡ್) ಇರುವ ಬ್ಲಾಕಿನಲ್ಲಿ ಹೀಗೆ ಮಾಡುವುದು ಕುಳಿತ ಕೊಂಬೆಯನ್ನೇ ಕಡಿದಂತೆ; ಬೋರ್ಡ್ ಸದ್ದಿಲ್ಲದೆ ನಿಂತುಬಿಡುತ್ತದೆ, ಸೀರಿಯಲ್ ಕನ್ಸೋಲಿನಲ್ಲಿ ಒಂದಕ್ಷರವೂ ಬರುವುದಿಲ್ಲ. ಅಮಾನ್ಯಗೊಳಿಸದೆಯೇ ಬ್ಲಾಕಿನ ಗಾತ್ರ ಬದಲಿಸಲು ಬಿಡುವ ಹೊಸ ಸೌಲಭ್ಯ ಈ ಪ್ರೊಸೆಸರ್‌ನಲ್ಲಿಲ್ಲ.

ಆದ್ದರಿಂದ ಇಂಟರಪ್ಟುಗಳನ್ನು ತಡೆದು, ಸ್ಟ್ಯಾಕ್ ಮುಟ್ಟದ ಅಸೆಂಬ್ಲಿ ತುಣುಕಿನಿಂದ ಎಂಎಂಯು (ವಿಳಾಸ ಅನುವಾದಿಸುವ ಘಟಕ) ಆಫ್ ಮಾಡಿ, ನಮೂದು ಬದಲಿಸಿ, ಟಿಎಲ್‌ಬಿ ತೆರವುಗೊಳಿಸಿ ಮತ್ತೆ ಎಂಎಂಯು ಹಚ್ಚಲು ನಿರ್ಧರಿಸಿದ್ದೇನೆ. ಕೋಡ್ ಬಳಸುವ ವಿಳಾಸಗಳು ಭೌತಿಕ ವಿಳಾಸಗಳಿಗೇ ಸಮನಾಗಿವೆ, ಸದ್ಯ ಒಂದೇ ಕೋರ್ ಓಡುತ್ತಿದೆ. ಗೊಂದಲವಿರುವುದು ಕ್ಯಾಶ್ ವಿಷಯದಲ್ಲಿ: ಎಂಎಂಯು ಆರಿದಾಗ ಡೇಟಾ ಬರಹ ಕ್ಯಾಶನ್ನು ದಾಟಿ ನೇರ ಮೆಮೊರಿಗೆ ಹೋಗುತ್ತದೆ, ಆದರೆ 512 ಪುಟಗಳ ನಮೂದುಗಳಿರುವ ಹೊಸ ಟೇಬಲನ್ನು ನಾನು ತುಂಬಿದ್ದು ಕ್ಯಾಶ್ ಚಾಲನೆಯಲ್ಲಿದ್ದಾಗ, ಮತ್ತು ಟೇಬಲ್ ವಾಕ್ (ಎಂಎಂಯು ಟೇಬಲನ್ನು ಓದುವುದು) ಕೂಡ ಕ್ಯಾಶ್ ಮೂಲಕವೇ ನಡೆಯುವಂತೆ ಹೊಂದಿಸಿದ್ದೇನೆ.

ಹೀಗಿರುವಾಗ, ಬದಲಾಗುವ ನಮೂದಿನ ಕ್ಯಾಶ್ ಲೈನನ್ನು ಮಾತ್ರ ಕ್ಲೀನ್ (ಮೆಮೊರಿಗೆ ಬರೆಯುವುದು) ಮತ್ತು ಇನ್‌ವ್ಯಾಲಿಡೇಟ್ (ಕ್ಯಾಶ್‌ನಿಂದ ತೆಗೆಯುವುದು) ಮಾಡಿದರೆ ಸಾಕೇ, ಅಥವಾ ಎಂಎಂಯು ಆಫ್ ಮಾಡುವ ಮುನ್ನ ಹೊಸ ಟೇಬಲಿನ ಪೂರ್ತಿ 4 ಕೆಬಿಯನ್ನೂ ಮೆಮೊರಿಗೆ ಕ್ಲೀನ್ ಮಾಡಲೇಬೇಕೇ?